ಮುದಿ ಬೇಟೆನಾಯಿಗೆ ಕೀಲಿನ ಮದ್ದು



ಮುಧೋಳವೆಂದೊಡನೆ ಕನ್ನಡಿಗರಿಗೆ ನೆನಪಾಗತಕ್ಕವು ಎರಡು: ಹತ್ತನೆಯ ಶತಮಾನದಲ್ಲಿ ಅಲ್ಲಿ ಜನಿಸಿದ ರನ್ನ ಕವಿ, ಮತ್ತು ಆ ಸೀಮೆಯ ಬೇಟೆನಾಯಿ. ಕವಿಯ ವಿಷಯವಾಗಿ ಮಾತನಾಡುವುದೇ ನಮ್ಮಂತಹ ಕಾಲೇಜು ಅಧ್ಯಾಪಕರಿಗೆ ಒಪ್ಪುವ ಕೆಲಸ. ಆದರೂ ಈ ಸಂಜೆ ನಾಯಿಯ ವಿಷಯವನ್ನು, ಅದರಲ್ಲಿಯೂ ಮುದಿಯಾದ ನಾಯಿಯ ವಿಷಯವನ್ನು ಎತ್ತಿಕೊಂಡಿದ್ದೇವೆ. ನಾವು ಪಶುವೈದ್ಯರಲ್ಲ. ಒಂದು ತಪ್ಪನ್ನು ಮಾಡಿ, ಅದರ ಕಾರಣವನ್ನು ತಿಳಿಯುವುದಕ್ಕಾಗಿ ಓದಿದವರು ಮಾತ್ರ.

ಈ ನಾಯಿಯ ಕೀರ್ತಿಯನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಸಾಕಿ ಬೆಳೆಸಿದರು. ರಾಜಾ ಮಾಲೋಜಿರಾಯರು ಇದರ ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಾಯಿಯ ಪ್ರತಿಷ್ಠೆ ಮಾತ್ರ ಕುಂದಲಿಲ್ಲ. ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಇದರ ಚಿತ್ರ ಬಂದಿತು. ೨೦೧೬ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದವರು ಇದರ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ನಡೆಸುತ್ತಾರೆ. ಆದರೆ ಓಡುವುದಕ್ಕೆಂದೇ ಹುಟ್ಟಿದ ಈ ಪ್ರಾಣಿಗೂ ಮುಪ್ಪು ಬರುತ್ತದೆಂಬುದನ್ನು ಅಂಚೆಚೀಟಿ ಹೇಳುವುದಿಲ್ಲ.

ಲೋಕಾಪುರದ ಒಂದು ಮನೆಯಿಂದ ಮರಿಯಾಗಿ ತಂದ ನಮ್ಮ ನಾಯಿಗೆ ಬಾಣನೆಂದು ಹೆಸರಿಟ್ಟೆವು. ವೇಗಕ್ಕಾಗಿ ಇಟ್ಟ ಹೆಸರು. ಕಾದಂಬರಿಯ ಕವಿಗಾಗಿ ಇಟ್ಟುದೆಂದು ಮಿತ್ರರು ಇಂದಿಗೂ ನಂಬಿದ್ದಾರೆ. ಹನ್ನೊಂದನೆಯ ವರ್ಷದ ಮಳೆಗಾಲದಲ್ಲಿ ಅದು ಬೆಳಗ್ಗೆ ಏಳಲಾರದಾಯಿತು. ಎದ್ದರೂ ಹಿಂಗಾಲುಗಳನ್ನು ಎಳೆದುಕೊಂಡು ನಾಲ್ಕು ಹೆಜ್ಜೆಯಿಟ್ಟ ಮೇಲೆಯೇ ಸಡಿಲಾಗುವುದು. ಪಶುವೈದ್ಯರು ಸೊಂಟದ ಕೀಲುಗಳ ಮೃದ್ವಸ್ಥಿ ಸವೆದಿದೆಯೆಂದರು. ರಕ್ತವನ್ನು ಪರೀಕ್ಷಿಸಿ, ತೂಕವನ್ನು ನೋಡಿ, ಮೆಲಾಕ್ಸಿಕಾಂ ಎಂಬ ಔಷಧವನ್ನು ದಿನಕ್ಕೊಮ್ಮೆ ಕೊಡಹೇಳಿದರು. ಎರಡು ವಾರದಲ್ಲಿ ಅದು ಜಗಲಿಯ ಮೆಟ್ಟಿಲನ್ನು ತಾನಾಗಿಯೇ ಏರಿತು.

ಅಲ್ಲಿಗೆ ಸುಮ್ಮನಿದ್ದರೆ ಈ ಭಾಷಣದ ಅಗತ್ಯವಿರುತ್ತಿರಲಿಲ್ಲ. ಆದರೆ ಓದಿದವರಿಗೆ ಸುಮ್ಮನಿರುವುದು ಕಷ್ಟ. ಕೀಲಿಗೆ ಗ್ಲುಕೋಸಮೀನ್ ಒಳ್ಳೆಯದೆಂದು ಎಲ್ಲಿಯೋ ಓದಿದ್ದೆವು. ನಮ್ಮ ತಾಯಿಯವರು ಮೊಣಕಾಲಿಗೆಂದು ತೆಗೆದುಕೊಳ್ಳುತ್ತಿದ್ದ ಗುಳಿಗೆಯ ಹಾಳೆಯ ಮೇಲೆ ಅದೇ ಹೆಸರು ದೊಡ್ಡಕ್ಷರಗಳಲ್ಲಿತ್ತು. ಇದು ಔಷಧವೇ ಅಲ್ಲ, ಬರಿಯ ಪೂರಕವಸ್ತು, ಇದರಿಂದೇನು ಕೆಟ್ಟೀತು ಎಂದು ಅರ್ಧರ್ಧ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಬಾಣನಿಗೆ ಕೊಡತೊಡಗಿದೆವು. ಮೂರನೆಯ ದಿನ ಭೇದಿ ಹತ್ತಿತು. ಐದನೆಯ ದಿನ ಅದು ಹಾಲನ್ನೂ ಮೂಸಲಿಲ್ಲ. ನೋವಿನ ಔಷಧವನ್ನು ತಪ್ಪಿಸಬಾರದೆಂದು ಅದನ್ನು ಮಾತ್ರ ನಿಷ್ಠೆಯಿಂದ ಕುಡಿಸುತ್ತಲೇ ಇದ್ದೆವು.

ವೈದ್ಯರು ಬಂದವರೇ, "ಬೇರೇನಾದರೂ ಕೊಡುತ್ತಿದ್ದೀರಾ?" ಎಂದು ಕೇಳಿದರು. "ಏನೂ ಇಲ್ಲ" ಎಂದೆವು. ಸುಳ್ಳು ಹೇಳುತ್ತಿದ್ದೇವೆಂಬ ಭಾವನೆ ನಮಗೆ ಲೇಶವೂ ಇರಲಿಲ್ಲ. ಒಳಗಿನಿಂದ ತಾಯಿಯವರ ದನಿ ಬಂದಿತು: "ನನ್ನ ಮೊಣಕಾಲಿನ ಗುಳಿಗಿ ದಿನಾ ಅರ್ಧ ಹಾಕ್ತಾನಲ್ಲರೀ, ಅದನ್ನ ಹೇಳ್ಲಿಲ್ಲೇನು?"

ಹಾಳೆಯನ್ನು ತರಿಸಿ ವೈದ್ಯರು ಎರಡನೆಯ ಸಾಲನ್ನು ಓದಿದರು. ಗ್ಲುಕೋಸಮೀನಿನೊಡನೆ ಅದರಲ್ಲಿ ಡಯಸೆರಿನ್ ಎಂಬ ಔಷಧವೂ ಇತ್ತು. ನಮ್ಮ ದೇಶದಲ್ಲಿ ಈ ಎರಡನ್ನು ಕೂಡಿಸಿದ ಗುಳಿಗೆಗಳು ಸಾಮಾನ್ಯ. ಡಯಸೆರಿನ್‌ನ ಪ್ರಸಿದ್ಧ ದುಷ್ಪರಿಣಾಮವೇ ಭೇದಿ. ಯುರೋಪಿನ ಔಷಧ ನಿಯಂತ್ರಕರು ೨೦೧೪ರಲ್ಲಿ, ೬೫ ವರ್ಷಕ್ಕೆ ಮೇಲ್ಪಟ್ಟ ಮನುಷ್ಯರಿಗೆ ಸಹ ಇದು ಬೇಡವೆಂದು ಸೂಚಿಸಿದ್ದರು.

ಇಲ್ಲಿ ಎರಡು ವಸ್ತುಗಳು ಸೇರಿ ಹೇಗೆ ಕೇಡಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೆಲಾಕ್ಸಿಕಾಂ, ಕಾರ್ಪ್ರೊಫೆನ್ ಮೊದಲಾದ ಉರಿಯೂತನಿವಾರಕಗಳು ಶರೀರದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ತಗ್ಗಿಸುತ್ತವೆ. ನೋವು ಶಮನವಾಗುವುದು ಅದರಿಂದಲೇ. ಆದರೆ ಅದೇ ದ್ರವ್ಯಗಳು ಜಠರದ ಒಳಪೊರೆಯನ್ನು ಕಾಯುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತವು ತಪ್ಪದೆ ಹರಿಯುವಂತೆಯೂ ನೋಡಿಕೊಳ್ಳುತ್ತವೆ. ನೀರು ಸಾಕಷ್ಟಿರುವ ನಾಯಿಗೆ ಈ ಕಾವಲು ಕಡಿಮೆಯಾದರೂ ಸಾಮಾನ್ಯವಾಗಿ ನಡೆಯುತ್ತದೆ. ಭೇದಿಯಿಂದ ಒಣಗಿದ ನಾಯಿಗೆ ನಡೆಯುವುದಿಲ್ಲ. ಒಂದು ಗುಳಿಗೆ ನೀರನ್ನು ಹೊರದೂಡಿತು, ಇನ್ನೊಂದು ಔಷಧ ಕಾವಲನ್ನು ತೆಗೆಯಿತು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಎರಡನ್ನೂ ನಿಲ್ಲಿಸಿ ಮೂರು ದಿನ ನಾಳದ ಮೂಲಕ ದ್ರವವನ್ನು ಕೊಟ್ಟರು, ಬಾಣ ಉಳಿಯಿತು.

ಹಾಗಾದರೆ ಗ್ಲುಕೋಸಮೀನೇ ವಿಷವೇ ಎಂದು ಕೇಳಿಯಾರು. ಅಲ್ಲ. ಚಿಪ್ಪುಜೀವಿಗಳ ಹೊರಪೊರೆಯಿಂದ ತೆಗೆಯುವ ಗ್ಲುಕೋಸಮೀನ್, ದನದ ಅಥವಾ ಷಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆಯುವ ಕಾಂಡ್ರಾಯ್ಟಿನ್, ಇವೆರಡೂ ಬಹುಮಟ್ಟಿಗೆ ಸಾಧುವಸ್ತುಗಳೇ. ಅವುಗಳಿಂದ ಎಷ್ಟು ಗುಣವುಂಟೆಂಬುದು ಬೇರೆ ಪ್ರಶ್ನೆ. ೨೦೦೭ರಲ್ಲಿ ಪ್ರಕಟವಾದ, ೩೫ ನಾಯಿಗಳ ಒಂದು ಪ್ರಯೋಗದಲ್ಲಿ ೭೦ನೆಯ ದಿನದ ಹೊತ್ತಿಗೆ ಪ್ರಯೋಜನ ಕಂಡಿತು. ೨೦೦೩ರ ಇನ್ನೊಂದು ಪ್ರಯೋಗದಲ್ಲಿ ಕಾಣಲಿಲ್ಲ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ೨೦೨೨ರ ಸಮೀಕ್ಷೆಯು ಈ ಜೋಡಿಯಿಂದ ನೋವು ಶಮನವಾಗುವುದಿಲ್ಲವೆಂದೇ ತೀರ್ಮಾನಿಸಿತು. ಅದೇ ಸಮೀಕ್ಷೆ ಮೀನೆಣ್ಣೆಯಲ್ಲಿರುವ ಒಮೆಗಾ-೩ ಕೊಬ್ಬುಗಳಿಗೆ ಒಳ್ಳೆಯ ಅಂಕಗಳನ್ನು ಕೊಟ್ಟಿದೆ. ೨೦೧೦ರ ಒಂದು ಅಧ್ಯಯನದಲ್ಲಿ ಮೀನೆಣ್ಣೆ ಬೆರೆತ ಆಹಾರವನ್ನು ತಿಂದ ನಾಯಿಗಳಿಗೆ ಕಾರ್ಪ್ರೊಫೆನ್‌ನ ಪ್ರಮಾಣವನ್ನು ಬೇಗ ಇಳಿಸುವುದು ಸಾಧ್ಯವಾಯಿತು. ಇಳಿಸಿದವರು ವೈದ್ಯರು, ಯಜಮಾನರಲ್ಲ, ಎಂಬುದನ್ನು ಗಮನಿಸಬೇಕು. ಪೂರಕವನ್ನು ಆರಂಭಿಸಿದ ಮರುದಿನವೇ ಮೂಲ ಔಷಧವನ್ನು ಬಿಟ್ಟುಬಿಡುವ ಉತ್ಸಾಹಿಗಳಿದ್ದಾರೆ. ಮೂರ್ಛೆರೋಗಕ್ಕೆ ಕೊಡುವ ಫಿನೋಬಾರ್ಬಿಟಾಲನ್ನು, ಬಹುದಿನ ಕೊಟ್ಟ ಪ್ರೆಡ್ನಿಸೊಲೋನನ್ನು ಹಾಗೆ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಮೀನೆಣ್ಣೆಯೂ ಅತಿಯಾದರೆ ಭೇದಿಯಾಗುತ್ತದೆ, ಮೈ ಬೆಳೆಯುತ್ತದೆ, ರಕ್ತ ಹೆಪ್ಪುಗಟ್ಟುವುದು ತಡವಾದೀತು. ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಕೊಡುತ್ತಿರುವ ಸಂಗತಿಯನ್ನು ಹೇಳಲೇಬೇಕು.

ಅರಿಶಿನವಾದರೋ ನಮ್ಮ ಮನೆಯದೇ, ಅದಕ್ಕೇತರ ಭಯ ಎನ್ನುವವರುಂಟು. ಅನ್ನಕ್ಕೆ ಬೆರೆತ ಚಿಟಿಕೆ ಅರಿಶಿನದ ಮಾತನ್ನು ನಾವು ಆಡುತ್ತಿಲ್ಲ. ಅಂಗಡಿಯ ಗುಳಿಗೆಗಳಲ್ಲಿರುವುದು ಅದರ ಸಾರವಾದ ಕರ್ಕ್ಯುಮಿನ್, ಜೊತೆಗೆ ಮೆಣಸಿನ ಸಾರವಾದ ಪೈಪರೀನ್. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ೧೯೯೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೈಪರೀನ್ ಸೇರಿಸಿದಾಗ ಮನುಷ್ಯರ ರಕ್ತಕ್ಕೆ ದೊರಕುವ ಕರ್ಕ್ಯುಮಿನ್ ಶೇಕಡಾ ೨,೦೦೦ದಷ್ಟು ಹೆಚ್ಚಿತು. ಪೈಪರೀನ್ ತೆರೆಯುವ ಬಾಗಿಲು ಕರ್ಕ್ಯುಮಿನ್ನಿಗೆ ಮಾತ್ರವೇ ಮೀಸಲಲ್ಲ. ಮನುಷ್ಯರಲ್ಲಿ ಫೆನಿಟಾಯಿನ್‌ನಂತಹ ಮೂರ್ಛೆರೋಗದ ಔಷಧವೂ ಅದರ ಜೊತೆಗೆ ರಕ್ತದಲ್ಲಿ ಏರುವುದು ಕಂಡುಬಂದಿದೆ. ವೈದ್ಯರು ಲೆಕ್ಕಹಾಕಿ ಕೊಟ್ಟ ಪ್ರಮಾಣವು ಅವರಿಗರಿಯದಂತೆಯೇ ಬೇರೊಂದು ಪ್ರಮಾಣವಾಗಿಬಿಡುವುದು ಹೀಗೆ.

ಮನುಷ್ಯರಿಗೆಂದು ಮಾಡಿದ ಜಗಿಯುವ ಸಿಹಿಗುಳಿಗೆಗಳಲ್ಲಿ ಜೈಲಿಟಾಲ್ ಎಂಬ ಸಕ್ಕರೆಬದಲಿ ಇರುವುದುಂಟು. ನಾಯಿಗೆ ಅದು ಘೋರವಿಷ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ಗಳನ್ನು ಮನೆಯ ಪೆಟ್ಟಿಗೆಯಿಂದ ತೆಗೆದು ಕೊಡಲೇಬಾರದು. ಒಂದು ಉರಿಯೂತನಿವಾರಕದ ಮೇಲೆ ಇನ್ನೊಂದು ಬಿದ್ದರೆ ಜಠರದಲ್ಲಿ ಹುಣ್ಣು. ಸೀಸೆಯ ಚೀಟಿಯನ್ನೂ ಪೂರ್ತಿಯಾಗಿ ನಂಬಲಾಗದು. ೨೦೦೦ದಲ್ಲಿ ಅಮೆರಿಕದಲ್ಲಿ ಇಂತಹ ಪೂರಕಗಳನ್ನು ಪೃಥಕ್ಕರಿಸಿ ನೋಡಿದಾಗ, ಚೀಟಿಯಲ್ಲಿ ಬರೆದುದರ ಶೇಕಡಾ ೧೧೫ಕ್ಕೂ ಹೆಚ್ಚು ಇದ್ದವೂ ಇದ್ದವು, ಏನೇನೂ ಇಲ್ಲದವೂ ಇದ್ದವು.

ಈ ಪ್ರಕರಣದ ತರುವಾಯ ನಮ್ಮ ಮನೆಯಲ್ಲಿ ಎರಡು ನಿಯಮಗಳಾದವು. ವೈದ್ಯರಲ್ಲಿಗೆ ಹೋಗುವಾಗ ಬಾಣನ ಹೊಟ್ಟೆಗೆ ಹೋಗುವ ಪ್ರತಿಯೊಂದರ ಸೀಸೆ, ಡಬ್ಬಿ, ಹಾಳೆಗಳನ್ನು ಒಂದು ಕೈಚೀಲದಲ್ಲಿ ಒಯ್ಯುವುದು. ಹೊಸದೇನನ್ನಾದರೂ ಅವರ ಒಪ್ಪಿಗೆಯ ಮೇಲೆ, ಒಂದು ಸಲಕ್ಕೆ ಒಂದರಂತೆ ಮಾತ್ರ ಆರಂಭಿಸುವುದು. ಎರಡನ್ನು ಒಟ್ಟಿಗೆ ಆರಂಭಿಸಿದರೆ ಕೇಡಾದಾಗ ಅಪರಾಧಿ ಯಾವುದೆಂದು ತಿಳಿಯದು. ವೈದ್ಯರು ಮೂರನೆಯದೊಂದನ್ನು ಸೇರಿಸಿದರು: ತೂಕ ಇಳಿಸಿರಿ. ಅಮೆರಿಕದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿದ ಅಧ್ಯಯನವೊಂದರ ಫಲ ೨೦೦೨ರಲ್ಲಿ ಪ್ರಕಟವಾಯಿತು. ಕಾಲುಭಾಗ ಕಡಿಮೆ ಉಂಡವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬಾಳಿದವು, ಅವುಗಳ ಕೀಲುಬೇನೆಯೂ ತಡವಾಗಿ ಬಂದಿತು. ಮುಧೋಳದ ನಾಯಿಯ ಪಕ್ಕೆಲುಬು ಕಾಣುವುದು ಅದರ ಜಾತಿಲಕ್ಷಣ. ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಅದನ್ನು ಬಡತನದ ಗುರುತೆಂದು ಬಗೆದು ತುಪ್ಪದನ್ನವಿಕ್ಕುವವರನ್ನು ನಾವು ಕಂಡಿದ್ದೇವೆ. ಅಷ್ಟು ದೂರವೇಕೆ, ನಮ್ಮ ತಾಯಿಯವರೇ ಅವರಲ್ಲೊಬ್ಬರು.

ಅವರ ಗುಳಿಗೆಯ ಹಾಳೆಯನ್ನು ಅವರ ವೈದ್ಯರಿಗೂ ತೋರಿಸಿದೆವು; ಅದು ಬದಲಾಯಿತು. ಬಾಣನ ತೂಕ ೨೭ರಿಂದ ೨೪ ಕೆ.ಜಿ.ಗೆ ಇಳಿದಿದೆ. ಮೂತ್ರಪಿಂಡಗಳು ಸರಿಹೋದವೆಂದು ಖಚಿತವಾದ ಮೇಲೆ ವೈದ್ಯರು ಮೆಲಾಕ್ಸಿಕಾಮನ್ನು ಮೊದಲಿಗಿಂತ ಕಡಿಮೆ ಪ್ರಮಾಣದಲ್ಲಿ ಮತ್ತೆ ಬರೆದುಕೊಟ್ಟರು, ಅಳೆದು ಹಾಕುವ ಮೀನೆಣ್ಣೆಯೊಡನೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಬೆಳಗ್ಗೆ ನಮ್ಮೊಡನೆ ಘಟಪ್ರಭೆಯ ದಂಡೆಯವರೆಗೆ ಬರುತ್ತದೆ. ಕಬ್ಬಿನ ಹೊಲದಿಂದ ಮೊಲವೊಂದು ಎದ್ದು ಓಡಿದರೆ ನಿಂತು, ಕಿವಿ ನಿಮಿರಿಸಿ, ಅದು ಮರೆಯಾಗುವವರೆಗೂ ನೋಡುತ್ತದೆ. ಆಮೇಲೆ ನಮ್ಮ ಹಿಂದೆಯೇ ನಿಧಾನವಾಗಿ ನಡೆಯುತ್ತದೆ.