ಆರಿದ ದೀಪದ ಲೆಕ್ಕ

(ರಾಜಘಟ್ಟದ ಸಂಜೆ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಕಳೆದ ವಾರ ನಾವು ಕರೆಂಟ್ ಬಿಲ್ಲು ಓದೋದು ಕಲಿತೆವು. ಇವತ್ತು ಬಿಲ್ಲಿನಲ್ಲಿ ಬರೆಯದೇ ಇರುವ ಒಂದು ವಿಷಯ ಹೇಳ್ತೀನಿ. ನಮ್ಮ ಮನೆಯಲ್ಲೇ ನಡೆದದ್ದು.

ನನ್ನ ತಮ್ಮ ಬೆಂಗಳೂರಿನಿಂದ ನಾಲ್ಕು ಸ್ಮಾರ್ಟ್ ಬಲ್ಬ್ ತಂದ. ಇವನ್ನು ಫೋನಿನಿಂದಲೇ ಹಚ್ಚಬಹುದು, ಆರಿಸಬಹುದು. ಗೋಡೆಯ ಸ್ವಿಚ್ ಮುಟ್ಟೋದೇ ಬೇಡ. ನಮಗೆಲ್ಲ ಖುಷಿಯೋ ಖುಷಿ.

ಒಂದು ರಾತ್ರಿ ಫೋನಿನಿಂದ ದೀಪ ಆರಿಸಿದೆವು. ರಿಮೋಟಿನಿಂದ ಟಿವಿ ಆರಿಸಿದೆವು. ನಮ್ಮಲ್ಲಿ ಫ್ರಿಜ್ ಇಲ್ಲ. ಫ್ಯಾನೂ ಓಡ್ತಿರಲಿಲ್ಲ. ಆದರೂ ಮೀಟರಿನ ಕೆಂಪು ದೀಪ ಮಿಣುಕ್ ಅಂತು. ಸ್ವಲ್ಪ ಹೊತ್ತಿಗೆ ಮತ್ತೆ ಮಿಣುಕ್. ಅಮ್ಮ ಕೇಳಿದರು: “ದೀಪ ಆರಿದ ಮೇಲೂ ಎಣ್ಣೆ ಖರ್ಚಾಗುತ್ತಾ?”

ಒಳ್ಳೆಯ ಪ್ರಶ್ನೆ ಅಲ್ಲವೇ? ಹಳೇ ಬಲ್ಬಿನಲ್ಲಿ ಖರ್ಚಾಗೋದಿಲ್ಲ. ಸ್ವಿಚ್ ಆರಿಸಿದರೆ ಕರೆಂಟಿನ ದಾರಿಯೇ ಮುಚ್ಚಿತು. ಸ್ಮಾರ್ಟ್ ಬಲ್ಬ್ ಹಾಗಲ್ಲ. ಫೋನು ಯಾವಾಗ ಕರೆಯುತ್ತೋ ಅಂತ ಕಾಯ್ತಾ ಇರುತ್ತೆ. ಕಾಯೋದಕ್ಕೂ ಕರೆಂಟು ಬೇಕು.

ಎಷ್ಟು ಬೇಕು? ಲೆಕ್ಕ ಹಾಕೋಣ. 1,000 ವ್ಯಾಟ್ 1 ಗಂಟೆ ಓಡಿದರೆ 1 ಯೂನಿಟ್. ಸ್ಮಾರ್ಟ್ ಬಲ್ಬ್ ಕಾಯುವಾಗ ಅರ್ಧ ವ್ಯಾಟ್ ತಿನ್ನುತ್ತೆ ಅಂತ ಇಟ್ಟುಕೊಳ್ಳಿ. ಕೆಲವು ಕಡಿಮೆ ತಿನ್ನುತ್ತವೆ, ಕೆಲವು ಹೆಚ್ಚು. 9 ವ್ಯಾಟಿನ ಬಲ್ಬ್ ಬಚ್ಚಲಲ್ಲಿ ದಿನಕ್ಕೆ 1 ಗಂಟೆ ಉರಿದರೆ ಲೆಕ್ಕ 9. ಉಳಿದ 23 ಗಂಟೆ ಕಾದರೆ ಲೆಕ್ಕ ಹನ್ನೊಂದೂವರೆ. ನೋಡಿದಿರಾ? ಉರಿದದ್ದಕ್ಕಿಂತ ಕಾದದ್ದೇ ದುಬಾರಿ!

ಆದರೂ ಗಾಬರಿ ಬೇಡ. ನಾಲ್ಕು ಬಲ್ಬ್ ಕಾದರೆ ತಿಂಗಳಿಗೆ ಸುಮಾರು ಒಂದೂವರೆ ಯೂನಿಟ್. ಇದಕ್ಕಿಂತ ದೊಡ್ಡ ಹೊಟ್ಟೆಬಾಕ ಟಿವಿ ಪಕ್ಕದಲ್ಲಿದೆ. ಅದೇ ಸೆಟ್‌ಟಾಪ್ ಬಾಕ್ಸ್. ರಿಮೋಟಿನಿಂದ ಆರಿಸಿದರೂ ಎಷ್ಟೋ ಬಾಕ್ಸ್‌ಗಳು ಒಳಗೆ ಕೆಲಸ ಮಾಡ್ತಲೇ ಇರುತ್ತವೆ. 10 ವ್ಯಾಟಿನಂತೆ ದಿನಕ್ಕೆ 20 ಗಂಟೆ ಕಾದರೆ ತಿಂಗಳಿಗೆ 6 ಯೂನಿಟ್.

ಏಳೂವರೆ ಯೂನಿಟ್ ಏನು ಮಹಾ ಅಂತೀರಾ? 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಶುರುವಾಯಿತು. ಹಿಂದಿನ ಬಳಕೆ ನೋಡಿ ಪ್ರತಿ ಮನೆಗೂ ಒಂದು ಮಿತಿ ಇಟ್ಟರು. ಮಿತಿ ದಾಟಿದರೆ ಹೆಚ್ಚಿನದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಆ ತಿಂಗಳು ನಮ್ಮ ಮನೆ ಮಿತಿ ದಾಟಿದ್ದು 5 ಯೂನಿಟ್ ಮಾತ್ರ. ಅಂದರೆ ಆರಿದ ದೀಪಕ್ಕೆ, ಆರಿದ ಟಿವಿಗೆ ದುಡ್ಡು ಕಟ್ಟಿದೆವು!

ಇನ್ನೊಂದು ಮಾತಿದೆ. ಕರೆಂಟು ಅಲೆಯ ಹಾಗೆ ಏರಿ ಇಳಿಯುತ್ತೆ, ಸೆಕೆಂಡಿಗೆ 50 ಸಲ. ಹಳೇ ಬಲ್ಬ್ ಅಲೆಯ ಜೊತೆಗೇ ಸಮನಾಗಿ ಕರೆಂಟು ಎಳೆಯುತ್ತಿತ್ತು. ಅಗ್ಗದ ಎಷ್ಟೋ ಎಲ್‌ಇಡಿ ಬಲ್ಬುಗಳು, ಸ್ಮಾರ್ಟ್ ಬಲ್ಬುಗಳು ಅಲೆಯ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಎಳೆಯುತ್ತವೆ. ಊರವರೆಲ್ಲ ಒಂದೇ ಗಳಿಗೆಗೆ ನಲ್ಲಿ ತಿರುಗಿಸಿದ ಹಾಗೆ. ಮನೆಯ ಬಿಲ್ಲು ಇದರಿಂದ ಏರೋದಿಲ್ಲ. ಆದರೆ ಸಾವಿರಾರು ಬಲ್ಬ್ ಹೀಗೆ ಮಾಡಿದರೆ ತಂತಿ, ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತವೆ. ದೊಡ್ಡಬಳ್ಳಾಪುರದ ಮಗ್ಗದವರು ಕೇಳಬಹುದು, “ಮೋಟಾರಿಗೆ ಹಾಕುವ ಕೆಪಾಸಿಟರ್ ಹಾಕಿದರಾಯ್ತಲ್ಲ?” ಈ ರೋಗಕ್ಕೆ ಆ ಮದ್ದು ನಾಟೋದಿಲ್ಲ. ಬಲ್ಬಿನ ಒಳಗೇ ಒಳ್ಳೆಯ ಸರ್ಕ್ಯೂಟ್ ಇರಬೇಕು. ಕೊಳ್ಳುವಾಗ ಡಬ್ಬಿ ಓದಿ. ಪವರ್ ಫ್ಯಾಕ್ಟರ್ 0.9 ಅಂತಿದ್ದರೆ ಒಳ್ಳೆಯದು. 0.5 ಅಂತಿದ್ದರೆ ಬೇಡ. ಅಕ್ಷರ ಇಂಗ್ಲಿಷಾದರೇನು, ಅಂಕಿ ನಿಮಗೆ ಬರುತ್ತಲ್ಲ!

ಹಾಗಂತ ಎಲ್‌ಇಡಿ ಬಿಡಬೇಡಿ. 60 ವ್ಯಾಟಿನ ಹಳೇ ಬಲ್ಬಿನ ಕೆಲಸವನ್ನು 9 ವ್ಯಾಟಿನ ಎಲ್‌ಇಡಿ ಮಾಡುತ್ತೆ. ಸ್ಮಾರ್ಟ್ ಬಲ್ಬ್ ಬೇಕಾದ ಕಡೆ ಮಾತ್ರ ಇರಲಿ. ಎದ್ದು ಓಡಾಡಲಾಗದ ಅಜ್ಜಿಯ ಹಾಸಿಗೆಯ ಹತ್ತಿರ ಅದು ದೊಡ್ಡ ಉಪಕಾರ. ಬೇರೆ ಕಡೆ ಸಾದಾ ಎಲ್‌ಇಡಿ ಸಾಕು. ಮಲಗುವ ಮುಂಚೆ ಟಿವಿ, ಬಾಕ್ಸ್ ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ.

ಇವತ್ತಿನ ಮನೆಪಾಠ ಇದು. ರಾತ್ರಿ ದೀಪ, ಫ್ಯಾನು, ಟಿವಿ ಆರಿಸಿ. ಫ್ರಿಜ್ ಇದ್ದರೆ ಅದನ್ನೂ 10 ನಿಮಿಷ ನಿಲ್ಲಿಸಿ. ಮೀಟರಿನ ಮುಂದೆ ನಿಲ್ಲಿ. ಕೆಂಪು ದೀಪ ಎಷ್ಟು ಸಲ ಮಿಣುಕಿತು? ಎಣಿಸಿ, ಬರೆದುಕೊಂಡು ನಾಳೆ ತನ್ನಿ.

ಅಕ್ಷರ ಕಲಿತಿದ್ದೀವಿ. ಇನ್ನು ಲೆಕ್ಕ ಕೇಳೋಣ.