ಕಿತ್ತೂರಿನ ನಾಟಕವು ಎಲ್ಲಿ ಮುಗಿಯಬೇಕು?

(ಪ್ರಯೋಗಕ್ಕೆ ಮುಂಚೆ ಮಾಡಿದ ಭಾಷಣ)



ಇನ್ನು ಸ್ವಲ್ಪ ಹೊತ್ತಿನಲ್ಲಿ ತಾವು ನೋಡಲಿರುವ ಚೆನ್ನಮ್ಮರಾಣಿಯ ನಾಟಕವು ಒಬ್ಬ ಕವಿಯು ಏಕಾಂತದಲ್ಲಿ ಕುಳಿತು ಬರೆದುದಲ್ಲ. ನಾಟಕಶಾಲೆಯ ವಿದ್ಯಾರ್ಥಿಗಳೂ ನಾವೂ ಕೂಡಿ ಓದಿ, ವಾದಿಸಿ, ಆಡಿ ನೋಡಿ, ಹರಿದುಹಾಕಿ ಮತ್ತೆ ಕಟ್ಟಿದುದು. ಆಗ ನಡೆದ ಒಂದು ಜಗಳವನ್ನು ಮಾತ್ರ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆವು.

ವಕೀಲಿಯ ಕಸುಬಿನವರಾದ ನಮಗೆ ಮೊದಲು ಕಣ್ಣಿಗೆ ಬಿದ್ದುದು ದತ್ತಕದ ಪ್ರಶ್ನೆ. 1824ನೆಯ ಸಪ್ಟಂಬರದಲ್ಲಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ದತ್ತಕವನ್ನು ಮನ್ನಿಸಲೊಲ್ಲದೆ ಸಂಸ್ಥಾನದ ಬೊಕ್ಕಸಕ್ಕೆ ಮೊಹರು ಹಾಕಿಸಿದನು. ಡಾಲ್‌ಹೌಸಿಯು ಗವರ್ನರ ಜನರಲನಾಗಿ ಬರುವುದಕ್ಕೆ ಆಗ ಇನ್ನೂ 23 ವರ್ಷಗಳಿಗೂ ಹೆಚ್ಚು ಕಾಲವಿದ್ದಿತು! ಈ ಪ್ರವೇಶವನ್ನು ನಾವು ಕೋರ್ಟಿನ ವಾದದಂತೆ ಉದ್ದುದ್ದವಾಗಿ ಬರೆದಿದ್ದೆವು. ವಿದ್ಯಾರ್ಥಿಗಳು ದಾಕ್ಷಿಣ್ಯವಿಲ್ಲದೆ ಕತ್ತರಿಸಿ, ಒಂದು ಬೀಗ, ಒಂದು ಮೊಹರು, ಇಷ್ಟರಲ್ಲಿಯೇ ಮುಗಿಸಿದರು. ಅವರದೇ ಸರಿ.

ಮೈಸೂರು, ಮಂಗಳೂರು, ಬಳ್ಳಾರಿ, ಕಲಬುರ್ಗಿಗಳಿಂದ ಬಂದ ಹುಡುಗರಿವರು. ಮೊದಲ ದಿನ ಕಿತ್ತೂರಿನ ಕೋಟೆಯೊಳಗೆ ನಾಲ್ಕು ಬಗೆಯ ಕನ್ನಡವು ಕೇಳಿಬಂದಿತು. ನಾಡು 1956ರಲ್ಲಿ ಒಂದಾಯಿತಾದರೂ ಕಿವಿಗಳು ಒಂದಾಗುವುದಕ್ಕೆ ಇನ್ನೂ ಹೊತ್ತು ಹಿಡಿಯುವುದೆಂದು ಕಾಣುತ್ತದೆ. ನಾವು ಯಾರ ನಾಲಗೆಯನ್ನೂ ತಿದ್ದಲು ಹೋಗಲಿಲ್ಲ.

ಜಗಳವೆದ್ದುದು ಕೊನೆಯ ಅಂಕದಲ್ಲಿ. ಅಕ್ಟೋಬರ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ದಂಡು ಹೊರಬಿದ್ದಿತು. ಥ್ಯಾಕರೆಯು ಮಡಿದನು, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬವರು ಸೆರೆಸಿಕ್ಕರು. 'ಪರದೆಯು ಇಲ್ಲಿಯೇ ಬೀಳಲಿ, ಜನರು ಎದೆಯುಬ್ಬಿಸಿ ಮನೆಗೆ ಹೋಗಲಿ' ಎಂದು ಹುಡುಗರಲ್ಲಿ ಬಹುಜನರು ಹಟ ಹಿಡಿದರು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸೂ ಅತ್ತಲೇ ವಾಲಿದ್ದಿತು. ಗೆದ್ದ ಕಥೆಯು ಯಾರಿಗೆ ಬೇಡ?

ಆಗ ರಾಣಿಯ ಪಾತ್ರದ ಹುಡುಗಿಯು, 'ಆ ಸೆರೆಯಾಳುಗಳನ್ನು ಚೆನ್ನಮ್ಮನು ಏನು ಮಾಡಿದಳು?' ಎಂದು ಕೇಳಿದಳು. ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟ ಮೇಲೂ ಕಂಪನಿಯ ದಂಡು ಹಿಂದಿರುಗಲಿಲ್ಲ. ಡಿಸೆಂಬರದ ಮೊದಲ ವಾರದಲ್ಲಿಯೇ ಕೋಟೆಯು ಬಿದ್ದಿತು. 'ಹಾಗಾದರೆ ನನ್ನ ಪಾತ್ರವು ಅಕ್ಟೋಬರದಲ್ಲಿ ಮುಗಿಯುವುದಿಲ್ಲ' ಎಂದು ಅವಳು ಕೈಯಲ್ಲಿದ್ದ ಮರದ ಕತ್ತಿಯನ್ನು ಕೆಳಗಿಟ್ಟಳು. ನಾವು ನಿರುತ್ತರರಾದೆವು. ಗೆಲುವಿನಲ್ಲಿ ಪರದೆಯೆಳೆದಿದ್ದರೆ, ವೈರಿಯ ಮಾತನ್ನೂ ನಂಬಬಲ್ಲವಳಾಗಿದ್ದ ಆ ತಾಯಿಯ ದೊಡ್ಡತನವನ್ನು ನಾವೇ ಮುಚ್ಚಿದಂತಾಗುತ್ತಿತ್ತು. ಸೆರೆಯಾಳುಗಳ ಪ್ರವೇಶವು ಹೀಗೆ ಹುಟ್ಟಿತು. ಅಲ್ಲಿಯ ಮಾತುಗಳು ನಮ್ಮ ಕಲ್ಪನೆಯವು, ಬಿಡುಗಡೆಯು ಮಾತ್ರ ಇತಿಹಾಸ.

ಇನ್ನೊಂದು ತೊಡಕು ಉಳಿದಿತ್ತು. ಮದ್ದಿನಲ್ಲಿ ಸಗಣಿ ಬೆರೆಸಿದರೆಂದು ಜನರು ಇಂದಿಗೂ ಹೇಳುವ ಮನೆಮುರುಕರ ಪಾತ್ರವನ್ನು ವಹಿಸಲು ಯಾರೂ ಮುಂದೆ ಬರಲಿಲ್ಲ. ಎಂಟು ದಿನ ಆ ಜಾಗವು ಬರಿದಾಗಿಯೇ ಇತ್ತು. ಕೊನೆಗೆ ಒಪ್ಪಿದವನು, ಗೆಲುವಿನಲ್ಲಿಯೇ ಮುಗಿಯಲೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದ ಹುಡುಗನು! ಇಂದು ಅವನು ರಂಗಕ್ಕೆ ಬಂದಾಗ ಸಿಳ್ಳು ಹಾಕಿ ಅವನ ಮಾತನ್ನು ಮುಳುಗಿಸಬಾರದೆಂದು ತಮ್ಮಲ್ಲಿ ವಿನಂತಿ.

ನಾಟಕವು 1829ನೆಯ ಫೆಬ್ರುವರಿಯಲ್ಲಿ, ಬೈಲಹೊಂಗಲದ ಸೆರೆಯಲ್ಲಿ ಮುಗಿಯುವುದು. ಆ ಪ್ರವೇಶದಲ್ಲಿ ರಾಣಿಗೆ ಮಾತಿಲ್ಲ. ದೀಪಗಳನ್ನು ತಗ್ಗಿಸುವ ಹೊತ್ತಾಯಿತು. ಅಪ್ಪಣೆಯಾದರೆ ನಾವೂ ತಮ್ಮ ನಡುವೆ ಬಂದು ಕೂಡುವೆವು.