ಎದೆಗಾರಿಕೆಗೂ ತಾಲೀಮು ಬೇಕು

ಮಕ್ಕಳನ್ನು ಮೈದಾನಕ್ಕೆ ಇಳಿಸುವ ದೈಹಿಕ ಶಿಕ್ಷಣ ಶಿಕ್ಷಕರೆ,

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಯ ನಟ್ಟನಡುವೆ ಒಂದು ಚುಕ್ಕೆ ಇರುತ್ತದೆ. ಅದರ ಅಗಲ ಅರ್ಧ ಮಿಲಿಮೀಟರ್. ಎದೆಬಡಿತ ಕೊಂಚ ಜೋರಾದರೂ ಸಾಕು, ರೈಫಲಿನ ನಳಿಕೆ ಅಲುಗುತ್ತದೆ. ಅಂಜಿಕೆಯಿಂದ ಉಕ್ಕಿದ ಕಸುವು ಓಟಗಾರನ ಕಾಲಿಗಾದರೂ ಒದಗೀತು, ರೈಫಲ್ ಹಿಡಿದು ನಿಂತವನಿಗೆ ಆ ದಾರಿಯೂ ಇಲ್ಲ. ಮನಸ್ಸಿನ ತಾಲೀಮಿನ ಬಗ್ಗೆ ಮಾತಾಡುವಾಗ ನಾನು ಮೊದಲು ಅಭಿನವ್ ಬಿಂದ್ರಾ ಅವರನ್ನು ನೆನೆಯುವುದು ಇದಕ್ಕಾಗಿಯೇ.

2004ರ ಅಥೆನ್ಸ್ ಒಲಿಂಪಿಕ್ಸ್. ಅರ್ಹತಾ ಸುತ್ತಿನಲ್ಲಿ ಬಿಂದ್ರಾ 600ಕ್ಕೆ 597 ಅಂಕ ಗಳಿಸಿ ಮೂರನೆಯವರಾಗಿ ಫೈನಲ್‌ಗೆ ಬಂದರು. ಫೈನಲ್ ಮುಗಿದಾಗ ಏಳನೆಯ ಸ್ಥಾನದಲ್ಲಿದ್ದರು. ತಾವು ನಿಂತಿದ್ದ ಜಾಗದಲ್ಲಿ ನೆಲದ ಟೈಲ್ ಸಡಿಲವಾಗಿತ್ತೆಂಬುದು ಆಮೇಲೆ ತಿಳಿಯಿತು. ಹಣೆಬರಹ ಎಂದು ಕೈಚೆಲ್ಲಬಹುದಾಗಿತ್ತು. ಅವರು ಸಡಿಲ ಟೈಲಿನ ಮೇಲೇ ನಿಂತು ಅಭ್ಯಾಸ ಮಾಡತೊಡಗಿದರು. ಬೀಜಿಂಗ್‌ನ ದೊಡ್ಡ ಸಭಾಂಗಣ ಮತ್ತು ಅಲ್ಲಿನ ಬೆಳಕು ಹೊಸದೆನಿಸಬಾರದೆಂದು ಚಂಡೀಗಢದಲ್ಲಿ ಮದುವೆ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು ಅಲ್ಲೇ ಶೂಟಿಂಗ್ ರೇಂಜ್ ಹೂಡಿದರು. ಬೀಜಿಂಗ್‌ಗೆ ಮುನ್ನ ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬವೊಂದನ್ನು ಹತ್ತಿದರು. ಅರ್ಧ ದಾರಿಯಲ್ಲಿ ಇಳಿದುಬಿಡೋಣ ಅನ್ನಿಸಿತ್ತಂತೆ. ಆದರೂ ತುದಿ ಮುಟ್ಟಿದರು. ಗುರಿ ಹೊಡೆಯುವುದಕ್ಕೂ ಕಂಬ ಹತ್ತುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೈ ನಡುಗುತ್ತಿರುವಾಗಲೂ ಮುಂದಿನ ಹೆಜ್ಜೆ ಇಡಬಹುದು ಎಂಬುದನ್ನು ಮೈಗೇ ಕಲಿಸುವುದು, ಅದೇ ಸಂಬಂಧ.

2008ರ ಆಗಸ್ಟ್ 11. ಫೈನಲ್‌ಗೆ ಮುಂಚಿನ ಪ್ರಯೋಗದ ಹೊಡೆತಗಳಲ್ಲಿ ಪೆಲೆಟ್ ನಡುಚುಕ್ಕೆ ಬಿಟ್ಟು ಎಲ್ಲೋ ದೂರ ಬಿತ್ತು. ರೈಫಲಿನಲ್ಲಿ ಗುರಿ ನೋಡುವ ಸೈಟ್ ಕದಲಿತ್ತು. ಉಳಿದದ್ದು ಕೆಲವೇ ನಿಮಿಷ. ಬಿಂದ್ರಾ ಅಷ್ಟರಲ್ಲೇ ಸೈಟ್ ಸರಿಮಾಡಿಕೊಂಡರು. ಫೈನಲ್‌ನ ಮೊದಲ ಹೊಡೆತ 10.7. ಕೊನೆಯ ಹೊಡೆತಕ್ಕೆ ಬರುವಾಗ ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಅವರೊಂದಿಗೆ ಸಮಬಲ. ಹಾಕಿನೆನ್ 9.7 ಹೊಡೆದರು, ಬಿಂದ್ರಾ 10.8. ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹೀಗೆ. ಆ ಗಳಿಗೆಯ ಧೈರ್ಯವನ್ನು ನಾವು ಹೊಗಳುತ್ತೇವೆ. ನಾನಾದರೋ ಅದರ ಹಿಂದಿನ ನಾಲ್ಕು ವರ್ಷಗಳನ್ನು ಹೊಗಳುತ್ತೇನೆ.

ಅದೇ ಬೀಜಿಂಗ್‌ನಲ್ಲಿ, 200 ಮೀಟರ್ ಬಟರ್‌ಫ್ಲೈ ಈಜಿನಲ್ಲಿ ಮೈಕೆಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿತು. ಎದುರಿನ ಗೋಡೆಯೂ ಕಾಣದು. ಅವರು ಕೈಬೀಸುಗಳನ್ನು ಎಣಿಸುತ್ತ ಈಜಿ, ವಿಶ್ವದಾಖಲೆಯೊಂದಿಗೆ ಗೆದ್ದರು. ತರಬೇತುದಾರ ಬಾಬ್ ಬೋಮನ್ ದಿನಾ ಮಲಗುವ ಮುಂಚೆ ಇಡೀ ಈಜನ್ನು ಮನಸ್ಸಿನಲ್ಲೇ ನೋಡುವುದನ್ನು ಹುಡುಗನಾಗಿದ್ದಾಗಲೇ ಅವರಿಗೆ ರೂಢಿ ಮಾಡಿಸಿದ್ದರು. ಗೆಲ್ಲುವುದನ್ನಷ್ಟೇ ಅಲ್ಲ, ಎಡವಟ್ಟಾದಾಗ ಏನು ಮಾಡಬೇಕೆಂಬುದನ್ನೂ ಕೂಡ. ನಮ್ಮ ಮಕ್ಕಳಿಗೆ ಹೇಳುವಾಗ ಈ ಎರಡನೆಯ ಅರ್ಧವನ್ನು ನಾವು ಬಿಟ್ಟುಬಿಡುತ್ತೇವೆ. ಪದಕ ಕೊರಳಿಗೆ ಬಿದ್ದಂತೆ ಕಲ್ಪಿಸಿಕೋ ಅನ್ನುತ್ತೇವೆ. ಅದು ಬರೀ ಹಗಲುಗನಸು.

ಒತ್ತಡದಲ್ಲಿ ಆಟ ಕೆಡುವುದು ಬಹಳ ಸಲ ಹೆದರಿಕೆಯೊಂದರಿಂದಲೇ ಅಲ್ಲ. ಸಾವಿರಾರು ಸಲ ಮಾಡಿ ಕೈಗೆ ಕರಗತವಾದ ಸರ್ವ್ ಅನ್ನು ಆ ದಿನ ಮಾತ್ರ ಬುದ್ಧಿ ಬಿಡಿಬಿಡಿಯಾಗಿ ಪರೀಕ್ಷಿಸಲು ಹೊರಡುತ್ತದೆ. ಮಣಿಕಟ್ಟು ಸರಿ ಇದೆಯೇ, ಮೊಣಕೈ ಎತ್ತರ ಸಾಕೇ? ಲಯ ತಪ್ಪುತ್ತದೆ. ಅದಕ್ಕೇ ಒಳ್ಳೆಯ ಆಟಗಾರರು ಪ್ರತಿ ಸರ್ವ್‌ಗೆ ಮುನ್ನ, ಪ್ರತಿ ಎಸೆತಕ್ಕೆ ಮುನ್ನ ಒಂದೇ ಕ್ರಮ ಇಟ್ಟುಕೊಂಡಿರುತ್ತಾರೆ. ಒಂದು ದೀರ್ಘ ನಿಶ್ವಾಸ, ಒಂದು ನೋಟ, ಮನಸ್ಸಿನಲ್ಲಿ ಒಂದೇ ಪದ. ಉಸಿರನ್ನು ಒಳಗೆಳೆಯುವುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ. ಇದಕ್ಕೆ ಖರ್ಚಿಲ್ಲ, ಸಲಕರಣೆ ಬೇಡ. ಆದರೆ ಫೈನಲ್ ದಿನ ಮೊದಲ ಸಲ ಮಾಡಿದರೆ ಕೈಗೆ ಹತ್ತುವುದಿಲ್ಲ.

ಒತ್ತಡದಲ್ಲಿ ಪಂದ್ಯ ಕೈಜಾರುವುದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾವೆಲ್ಲ ನೋಡಿದೆವು. ಬೆಂಗಳೂರಿನಲ್ಲಿ ಪಳಗಿದ ಲಕ್ಷ್ಯ ಸೇನ್ ಬ್ಯಾಡ್ಮಿಂಟನ್ ಸೆಮಿಫೈನಲ್‌ನಲ್ಲಿ ಒಲಿಂಪಿಕ್ ಚಾಂಪಿಯನ್ ವಿಕ್ಟರ್ ಆಕ್ಸೆಲ್ಸನ್ ಎದುರು ಮೊದಲ ಗೇಮ್‌ನಲ್ಲಿ 20-17, ಎರಡನೆಯದರಲ್ಲಿ 7-0 ಮುಂದಿದ್ದರು. ಎರಡೂ ಕೈತಪ್ಪಿದವು. ಮರುದಿನ ಕಂಚಿನ ಪಂದ್ಯದಲ್ಲೂ ಮೊದಲ ಗೇಮ್ ಗೆದ್ದು ಸೋತರು. ಆ ಹುಡುಗನ ಮೇಲೆ ಕಲ್ಲೆಸೆಯಲು ನಾನು ಒಪ್ಪುವುದಿಲ್ಲ. ಒಲಿಂಪಿಕ್ಸ್‌ನ ಕೊನೆಯ ನಾಲ್ಕರಲ್ಲಿ ಬರುವುದೇ ಎಂಥ ಸಾಧನೆ! ಆದರೆ ಅವರ ಜೊತೆಗಿದ್ದ ಪ್ರಕಾಶ್ ಪಡುಕೋಣೆಯವರು ಆ ದಿನ ಮನಸ್ಸಿನ ತರಬೇತಿಗೆ ನಾವು ಇನ್ನಷ್ಟು ಒತ್ತು ಕೊಡಬೇಕೆಂದು ಹೇಳಿದರಲ್ಲ, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರ ಆ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಬೇಕು.

ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ನಾವು ಮಕ್ಕಳಿಗೆ ಹೇಳುವುದೇನು? 'ಟೆನ್ಷನ್ ಮಾಡ್ಕೋಬೇಡ, ಧೈರ್ಯವಾಗಿ ಆಡು.' ಹೇಗೆ ಎಂದು ಮಾತ್ರ ಹೇಳುವುದಿಲ್ಲ. ಬಾಯಿ ಒಣಗಿ, ಕಾಲು ನಡುಗುತ್ತ ನಿಂತ ಹದಿಮೂರರ ಹುಡುಗಿ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಮನೆಗೆ ಹೋಗುತ್ತಾಳೆ. ಇದು ನನಗೆ ಸಹಿಸಲಾಗದ ಅನ್ಯಾಯ. ಕಾಲು ನಡುಗುವುದು ಎಲ್ಲರಿಗೂ ಆಗುತ್ತದೆಂದು ಅವಳಿಗೆ ಮೊದಲು ತಿಳಿಸಿ. ಆಮೇಲೆ ಅಭ್ಯಾಸದಲ್ಲೇ ಗದ್ದಲ ಎಬ್ಬಿಸಿ. ಬೇಕೆಂದೇ ತಪ್ಪು ತೀರ್ಪು ಕೊಡಿ. ಕಬಡ್ಡಿಯಲ್ಲಿ ಕೊನೆಯ ರೈಡ್, ಒಂದು ಅಂಕದ ಹಿನ್ನಡೆ ಎಂದು ಹೇಳಿ ಮೂವತ್ತು ಸೆಕೆಂಡು ಕೊಟ್ಟು ಕಳಿಸಿ. ಸೋತು ಬಂದಾಗ 'ಯಾಕೆ ಹೀಗಾಯ್ತು' ಅನ್ನುವ ಬದಲು 'ಆಗ ನಿನ್ನ ಗಮನ ಎಲ್ಲಿತ್ತು' ಎಂದು ಕೇಳಿ. ಉತ್ತರವನ್ನು ಅವಳೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ.

ಇನ್ನೊಂದು ಮಾತು. ಚಿನ್ನ ಗೆದ್ದ ಮೇಲೆ ತಮ್ಮೊಳಗೆ ದೊಡ್ಡ ಖಾಲಿತನ ಕವಿದಿತ್ತೆಂದು ಬಿಂದ್ರಾ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಒತ್ತಡದಲ್ಲಿ ಗುರಿ ಮುಟ್ಟಲು ಬಲ್ಲವನಿಗೂ ಮನಸ್ಸು ಕುಸಿಯಬಹುದು. ನಿಮ್ಮ ತಂಡದ ಹುಡುಗನೊಬ್ಬ ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಪ್ರೀತಿಯ ಆಟದ ಮೈದಾನಕ್ಕೆ ಬರಲು ಹಿಂಜರಿದರೆ ಅದಕ್ಕೆ ಉಸಿರಾಟದ ಕ್ರಮ ಹೇಳಿಕೊಡುತ್ತ ಕೂರಬೇಡಿ. ತಂದೆತಾಯಿಯ ಜೊತೆ ಕೂತು ಮಾತಾಡಿ, ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ಆ ಸಂಖ್ಯೆಯನ್ನು ನಿಮ್ಮ ಶಾಲೆಯ ಕ್ರೀಡಾಕೊಠಡಿಯ ಬಾಗಿಲ ಮೇಲೆ ಈ ವಾರವೇ ದೊಡ್ಡದಾಗಿ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.